ಸಾಮು ಮಾಡುವವರ ಮಂಡಿ

ವ್ಯಾಯಾಮದಿಂದ ಮಂಡಿ ಕೆಡುತ್ತದೆಯೆ, ಇಲ್ಲವೆ ಕೆಟ್ಟ ಮಂಡಿ ವ್ಯಾಯಾಮದಿಂದಲೇ ನೆಟ್ಟಗಾಗುತ್ತದೆಯೆ? ತುಮಕೂರಿನಲ್ಲಿ ಬೆಳಗಿನ ಹೊತ್ತು ಜೂನಿಯರ್ ಕಾಲೇಜಿನ ಮೈದಾನದಲ್ಲಿಯೋ ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲ ಮೇಲೆಯೋ ನಡೆದಾಡುವವರ ಮಾತಿಗೆ ಕಿವಿಗೊಟ್ಟರೆ ಈ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ನಲವತ್ತು ದಾಟಿದವರು ಡಾಕ್ಟರ ಮಾತಿನಂತೆ ನಡಿಗೆಗೆ ತೊಡಗುತ್ತಾರೆ. ಎರಡು ತಿಂಗಳು ತುಂಬುವಷ್ಟರಲ್ಲಿ, “ಮಂಡಿ ಹಿಡ್ಕೊಂಡ್ಬಿಡ್ತು ಮೇಷ್ಟ್ರೆ, ಬಿಟ್‌ಬಿಟ್ಟೆ” ಎನ್ನುತ್ತಾರೆ. ಬಿಟ್ಟದ್ದು ಸರಿಯೆ, ತಪ್ಪೆ? ನಾನು ವೈದ್ಯನಲ್ಲ, ಮದ್ದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ದಿನಕ್ಕೆ ನೂರಾರು ಸಲ ಮಂಡಿಯನ್ನು ಮಡಿಸಿ ಬಿಚ್ಚುವುದನ್ನೇ ಕಸುಬು ಮಾಡಿಕೊಂಡಿದ್ದ ಜನ ನಮ್ಮ ನಾಡಿನಲ್ಲಿ ಶತಮಾನಗಳಿಂದ ಇದ್ದರು. ಅವರ ಮಂಡಿಯೂ ನೊಂದಿರಬೇಕಷ್ಟೆ. ಆಗ ಅವರೇನು ಮಾಡಿದರು ಎಂಬುದು ಚರಿತ್ರೆಗೆ ಸೇರಿದ ವಿಷಯ. ಅದನ್ನು ಕೊಂಚ ವಿಚಾರಿಸಬಹುದು.

ಮೊದಲು ಮಾತಿನ ವಿಚಾರ. ನಾವು ಮಂಡಿ ಎನ್ನುವುದನ್ನೇ ಮೊಣಕಾಲು ಎಂದೂ ಮೊಳಕಾಲು ಎಂದೂ ಹೇಳುವುದುಂಟು. ಸಂಸ್ಕೃತದಲ್ಲಿ ಅದು ಜಾನು. ಕಾವ್ಯದ ನಾಯಕನನ್ನು ಆಜಾನುಬಾಹು ಎಂದು ಕರೆದಾಗ ಕೈಯ ಉದ್ದವನ್ನು ಅಳೆಯಲು ಕವಿಗೆ ಒದಗಿದ ಗುರುತು ಈ ಮಂಡಿಯೇ. ಕಾವ್ಯದಲ್ಲಿ ಮಂಡಿಗೆ ಅಷ್ಟೇ ಕೆಲಸ. ಅದರ ನಿಜವಾದ ಕೆಲಸವನ್ನು ನೋಡಬೇಕಾದರೆ ಗರಡಿಗೆ ಹೋಗಬೇಕು.

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಅರಸನಾದವನು ತಿಳಿದಿರಬೇಕಾದ ಸಕಲ ವಿಷಯಗಳ ಕಣಜ ಅದು. ಅಡುಗೆ, ಆನೆ, ಸಂಗೀತ, ಚಿತ್ರ ಎಲ್ಲವೂ ಅದರಲ್ಲಿವೆ. ಅವುಗಳ ನಡುವೆ ಮಲ್ಲವಿನೋದಕ್ಕೂ ಒಂದು ಸ್ಥಾನವುಂಟು. ಅರಮನೆಯ ಮಲ್ಲರಲ್ಲಿ ಮೇಲ್ಪಂಕ್ತಿಯವನು ಜ್ಯೇಷ್ಠಿಕ. ಮಲ್ಲನ ಸಾಮಿಗೆ ಸೋಮೇಶ್ವರನು ಕೊಡುವ ಹೆಸರು ಶ್ರಮ. ಅದರಲ್ಲಿ ಹಲವು ಬಗೆಗಳನ್ನು ಹೇಳುತ್ತಾನೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ನೂಕುವುದೊಂದು, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮವೊಂದು.

ಈ ಪಟ್ಟಿಯನ್ನು ಓದುವಾಗ ನನ್ನ ಗಮನ ನಿಲ್ಲುವುದು ನಡಿಗೆ ಮತ್ತು ಈಜಿನ ಮೇಲೆ. ಕುಸ್ತಿಯವನೆಂದರೆ ಕಲ್ಲುಗುಂಡು ಎತ್ತುವವನು, ಬಸ್ಕಿ ಹೊಡೆಯುವವನು ಎಂದು ನಾವು ಎಣಿಸಿದ್ದೇವೆ. ಒಂಬೈನೂರು ವರ್ಷದ ಹಿಂದೆ ಕರ್ನಾಟಕದ ಅರಮನೆಯಲ್ಲಿ ಭಾರ ಎತ್ತುವುದಕ್ಕೂ ನೀರಿಗಿಳಿದು ಈಜುವುದಕ್ಕೂ ಒಂದೇ ಪಟ್ಟಿಯಲ್ಲಿ ಜಾಗವಿತ್ತು. ಎದೆಮಟ್ಟದ ನೀರಿನಲ್ಲಿ ನಿಂತವನ ಕಾಲಿಗೆ ಬೀಳುವ ಶರೀರಭಾರ ತೀರ ಕಡಿಮೆ. ಮಂಡಿ ನೋಯುವವರನ್ನು ಇಂದಿನ ಆಸ್ಪತ್ರೆಗಳಲ್ಲಿ ನೀರಿನ ತೊಟ್ಟಿಗಿಳಿಸಿ ನಡೆಸುವುದು ಇದೇ ಕಾರಣಕ್ಕಾಗಿ. ಸೋಮೇಶ್ವರನಿಗೆ ಈ ಕಾರಣ ಗೊತ್ತಿತ್ತೆಂದು ನಾನು ವಾದಿಸಲಾರೆ. ಹಳೆಯದರಲ್ಲಿ ಹೊಸದನ್ನೆಲ್ಲ ಕಾಣುವ ಚಪಲ ಪಂಡಿತರಿಗೆ ಅಂಟಿದ ರೋಗ. ಆದರೆ ಒಂದೇ ಕೀಲಿನ ಮೇಲೆ ದಿನವೂ ಒಂದೇ ಬಗೆಯ ಭಾರ ಹೇರದ ಪದ್ಧತಿಯೊಂದು ಅಲ್ಲಿತ್ತು ಎನ್ನುವುದಕ್ಕೆ ಅಡ್ಡಿಯಿಲ್ಲ.

ವೈದ್ಯಶಾಸ್ತ್ರ ಇದಕ್ಕಿಂತ ಹಿಂದಿನದು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ಹೇಳುತ್ತಾರೆ. ಅರ್ಧಶಕ್ತಿಯೆಂದು ಅಳೆಯುವುದು ಹೇಗೆ? ಉಸಿರನ್ನು ಬಾಯಿಂದ ಬಿಡುವಂತಾದಾಗ, ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಕಾಣಿಸಿಕೊಂಡಾಗ ಅರ್ಧಶಕ್ತಿ ಮುಗಿಯಿತೆಂದು ಲೆಕ್ಕ. ಅಲ್ಲಿಗೆ ನಿಲ್ಲಿಸಬೇಕು; ಬಳಿಕ ಮೈಯನ್ನು ಹಿತವಾಗಿ ತಿಕ್ಕಿಸಿಕೊಳ್ಳಬೇಕು. ಜಾನುವನ್ನು ಸುಶ್ರುತನು ಮರ್ಮಸ್ಥಾನಗಳಲ್ಲಿ ಎಣಿಸುತ್ತಾನೆ. ಅದಕ್ಕೆ ಪೆಟ್ಟು ಬಿದ್ದರೆ ಕುಂಟು ಉಳಿಯುತ್ತದೆ ಎನ್ನುತ್ತಾನೆ. ಮಂಡಿ ಊದಿ ನೋಯುವ ಒಂದು ರೋಗಕ್ಕೆ ‘ಕ್ರೋಷ್ಟುಕಶೀರ್ಷ’ವೆಂಬ ಹೆಸರುಂಟು, ನರಿಯ ತಲೆ ಎಂದರ್ಥ. ಊದಿದ ಮಂಡಿಯೂ ಅದರ ಕೆಳಗೆ ಸೊರಗಿದ ಕಾಲೂ ಸೇರಿದಾಗ ಕಾಣುವ ಆಕಾರವನ್ನು ನೋಡಿದವರಿಗೆ ಈ ಹೆಸರು ಎಷ್ಟು ಒಪ್ಪುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶಾಸ್ತ್ರ ಹೀಗಿತ್ತು. ಶಾಸ್ತ್ರ ಓದದ ಗರಡಿಯವನು ಏನು ಮಾಡುತ್ತಿದ್ದನು? ಇಲ್ಲಿ ಜಟ್ಟಿಗಳ ಮಾತು ಬರುತ್ತದೆ. ಜಟ್ಟಿ ಎಂಬುದು ಜ್ಯೇಷ್ಠ ಶಬ್ದದಿಂದ ಬಂದುದೆಂದು ಬಲ್ಲವರ ಅಭಿಪ್ರಾಯ. ಸೋಮೇಶ್ವರನ ಜ್ಯೇಷ್ಠಿಕನನ್ನು ನೆನೆದರೆ ಅದು ಸಲ್ಲುವ ಮಾತೆಂದೇ ತೋರುತ್ತದೆ. ಮೈಸೂರು ದಸರೆಯಲ್ಲಿ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಅವರದೇ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಅದರಲ್ಲಿ ಸೆಣಸುತ್ತಾರೆ. ಒಬ್ಬನ ತಲೆಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಈ ದೃಶ್ಯವನ್ನು ಎಲ್ಲರೂ ಬಲ್ಲರು. ಜಟ್ಟಿಗಳ ಇನ್ನೊಂದು ವಿದ್ಯೆ ಅಷ್ಟಾಗಿ ಮಾತಿಗೆ ಬರುವುದಿಲ್ಲ. ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿ, ಜಟ್ಟಿಗಳು ಮೈ ತಿಕ್ಕಿ ಲೇಪ ಹಚ್ಚಿ ನರನೋವುಗಳನ್ನು ಕಳೆಯುವವರೆಂದೂ ತಪ್ಪಿದ ಕೀಲನ್ನು ಕೂಡಿಸುವುದರಲ್ಲಿ ನಿಪುಣರೆಂದೂ ಬರೆದಿದ್ದಾನೆ. ಹಿಂದೆ ಅಪರಾಧಿಯ ಕೊರಳನ್ನು ತಿರುಚಿ ಕೊಲ್ಲುವ ಕೆಲಸಕ್ಕೂ ಅವರನ್ನು ನೇಮಿಸುತ್ತಿದ್ದರೆಂಬ ಪ್ರತೀತಿಯನ್ನೂ ಅವನು ಮರೆತಿಲ್ಲ. ಕೀಲು ಬಿಡಿಸಲು ಬಲ್ಲ ಕೈಗೆ ಕೂಡಿಸಲೂ ಬರುತ್ತಿತ್ತು.

ಸಾಮು ಕಲಿಸುವವನೂ ನೋವು ನೋಡುವವನೂ ಒಬ್ಬನೇ ಆಗಿದ್ದನೆಂಬುದು ನನಗೆ ಮುಖ್ಯವಾಗಿ ಕಾಣುವ ಸಂಗತಿ. ಹಳೆಯ ಮೈಸೂರು ಸೀಮೆಯ ಪೇಟೆಪಟ್ಟಣಗಳ ಗರಡಿಗಳಲ್ಲಿಯೂ ಇದೇ ರೂಢಿ. ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಮಾಡಿದ ಮಟ್ಟಿ, ಗೋಡೆಗೆ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ಹುಡುಗ ಬಂದ ಮೊದಲ ದಿನವೇ ಅವನನ್ನು ಯಾರೂ ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿ ಅಗೆಯುವುದು, ಬಳಿಕ ಹತ್ತು ದಂಡ, ಹತ್ತು ಬಸ್ಕಿ. ಲೆಕ್ಕ ಏರುವುದು ಉಸ್ತಾದರ ಕಣ್ಣಳತೆಯಿಂದ. ಮಂಡಿ ಹಿಡಿದರೆ ಬಸ್ಕಿ ನಿಲ್ಲುತ್ತಿತ್ತು. ಗರಡಿಗೆ ಬರುವುದು ನಿಲ್ಲುತ್ತಿರಲಿಲ್ಲ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬೆಂಕಿಗೆ ಹಿಡಿದು ಮಂಡಿಗೆ ಕಟ್ಟುವುದು, ಉಪ್ಪಿನ ಗಂಟಿನ ಶಾಖ, ಎಣ್ಣೆ ನೀವುವುದು ಒಂದು ಕಡೆ. ಕಾಲಿಗೆ ಬಿಡುವು ಕೊಟ್ಟು ಗದೆ ತಿರುಗಿಸುವುದು, ಮಟ್ಟಿ ಕೆದಕುವುದು ಇನ್ನೊಂದು ಕಡೆ. ಗುಬ್ಬಿಯ ಕಡೆಯ ಹಿರಿಯರೊಬ್ಬರು, ಎಪ್ಪತ್ತು ದಾಟಿದವರು, “ನೋವಾಯ್ತು ಅಂತ ಮನೇಲಿ ಕೂತೋನು ತಿರುಗಿ ಬರ್ತಿರ್ಲಿಲ್ಲ ಸ್ವಾಮಿ, ಅದಕ್ಕೇ ಉಸ್ತಾದ್ರು ಮನೇಗೆ ಕಳಿಸ್ತಿರ್ಲಿಲ್ಲ” ಎಂದು ನನ್ನೊಡನೆ ಹೇಳಿದ್ದುಂಟು.

ಇದೆಲ್ಲ ಸೊಗಸೆಂದು ಮೆಚ್ಚಿ ಮುಗಿಸುವಂತಿಲ್ಲ. ಎಕ್ಕದ ಹಾಲು ತಾಗಿ ಚರ್ಮ ಸುಟ್ಟವರಿದ್ದಾರೆ. ಮೂಳೆಯಲ್ಲಿ ಸೀಳು ಬಿಟ್ಟಿದ್ದಾಗ ಅದನ್ನು ಬರಿಯ ಉಳುಕೆಂದು ಬಗೆದು ತಿರುಚಿ ನೀವಿದರೆ ಆಗುವ ಅನಾಹುತ ಸಣ್ಣದಲ್ಲ. ರಂಟ್‌ಗೆನ್ ೧೮೯೫ರಲ್ಲಿ ಕ್ಷಕಿರಣವನ್ನು ಕಂಡುಹಿಡಿಯುವವರೆಗೆ ಜೀವಂತ ಮಂಡಿಯ ಒಳಗನ್ನು ಗಾಯಮಾಡದೆ ನೋಡುವ ಉಪಾಯ ಜಗತ್ತಿನ ಯಾವ ವೈದ್ಯನಿಗೂ ಇರಲಿಲ್ಲ. ಆದುದರಿಂದ ಜಟ್ಟಿಯ ಕೈಗುಣಕ್ಕೊಂದು ಮೇರೆ ಇತ್ತೆನ್ನುವುದನ್ನು ಒಪ್ಪಲೇಬೇಕು.

ಗರಡಿಯ ಈ ಕ್ರಮಕ್ಕೆ ಹೋಲುವ ಇನ್ನೊಂದು ನಮ್ಮ ಜಿಲ್ಲೆಯ ಕುಣಿಗಲಿನಲ್ಲಿದೆ. ಅದು ಮನುಷ್ಯರದಲ್ಲ, ಕುದುರೆಗಳದು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಕುಣಿಗಲಿನ ಅಶ್ವಶಾಲೆ ಬಳಿಕ ಮೈಸೂರು ಸಂಸ್ಥಾನದ ಸೈನ್ಯಕ್ಕೆ ಒದಗಿ, ಈಚಿನ ಕಾಲದಲ್ಲಿ ಪಂದ್ಯದ ಕುದುರೆಗಳ ತಳಿಗೆ ಹೆಸರಾಯಿತು. ಕುದುರೆಯ ಮುಂಗಾಲಿನಲ್ಲಿ ನಾವು ಮಂಡಿಯೆಂದು ತೋರಿಸುವ ಕೀಲು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಅದರ ದಿಟವಾದ ಮಂಡಿ ಹಿಂಗಾಲಿನಲ್ಲಿ ಹೊಟ್ಟೆಯ ಹತ್ತಿರ ಅಡಗಿದೆ. ಕಾಲುನೋವಿನ ಕುದುರೆಯನ್ನು ಮೊದಲು ಲಾಯದಲ್ಲಿ ನಿಲ್ಲಿಸುತ್ತಾರೆ. ನೋವು ತಗ್ಗಿದಂತೆ ಬಾಯಿಹಗ್ಗ ಹಿಡಿದು ದಿನಕ್ಕೆ ಕೆಲವು ನಿಮಿಷ ನಡೆಸುತ್ತಾರೆ. ನಡಿಗೆ ಹೆಚ್ಚುತ್ತದೆ, ಬಳಿಕ ಕುಕ್ಕುಲೋಟ, ಎಲ್ಲಕ್ಕೂ ಕಡೆಗೆ ನಾಗಾಲೋಟ. ಅಶ್ವವೈದ್ಯ ಕನ್ನಡಕ್ಕೆ ಹೊಸದೂ ಅಲ್ಲ. ಕ್ರಿ. ಶ. ೧೪೦೦ರ ಸುಮಾರಿನ ಅಭಿನವಚಂದ್ರನು ಈ ವಿಷಯವನ್ನೇ ಕುರಿತು ಕನ್ನಡದಲ್ಲಿ ಗ್ರಂಥ ಬರೆದನು. ಅವನಿಗೂ ಮೊದಲು ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದಿದ್ದನು. ದನಕುದುರೆಗಳ ಕಾಲಿಗೆ ಕನ್ನಡದಲ್ಲಿ ಶಾಸ್ತ್ರ ಹುಟ್ಟಿತು. ಗರಡಿಯ ಮನುಷ್ಯನ ಮಂಡಿವಿದ್ಯೆ ಬಾಯಿಂದ ಬಾಯಿಗೆ ಸಾಗಿ ಬಹುಮಟ್ಟಿಗೆ ಕಳೆದೇಹೋಯಿತು. ಇದು ನನಗೆ ಹಳಹಳಿಯ ಸಂಗತಿ.

ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಕೆಲಸಗಳೂ ಬೇರೆ ಬೇರೆ ಕೈಗಳಿಗೆ ಹೋದುವು. ಶರೀರಸಾಧನೆ ಡ್ರಿಲ್ ಮೇಷ್ಟರ ಪಾಲಾಯಿತು, ನೋವು ಆಸ್ಪತ್ರೆಯ ಪಾಲಾಯಿತು. ನಡುವೆ ಬಸ್ಕಿಗೆ ಬಂದ ದುರ್ಗತಿಯನ್ನು ಶಾಲೆಯವನಾದ ನಾನು ಹೇಳದಿರಲಾರೆ. ಗರಡಿಯಲ್ಲಿ ಹೆಮ್ಮೆಯ ಸಾಧನೆಯಾಗಿದ್ದುದು ನಮ್ಮ ತರಗತಿಗಳಲ್ಲಿ ಕಿವಿ ಹಿಡಿದು ಮಾಡುವ ಶಿಕ್ಷೆಯಾಯಿತು. ಲೆಕ್ಕ ತಪ್ಪಿದವನಿಗೆ ಐವತ್ತು, ತಡವಾಗಿ ಬಂದವನಿಗೆ ನೂರು. ಹದಗೊಳಿಸದ ಮಂಡಿಗೆ ಒಮ್ಮೆಲೇ ನೂರು ಬಸ್ಕಿ ಎಂದರೆ ಯಾವ ಉಸ್ತಾದನೂ ಒಪ್ಪುತ್ತಿರಲಿಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಬಸ್ಕಿಯೆಂದರೆ ಅವಮಾನ ಎಂಬ ಭಾವನೆ ಮಾತ್ರ ಎರಡು ಮೂರು ತಲೆಮಾರಿನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಅದೇ ಕಾಲದಲ್ಲಿ ಹಳತು ಹೊಸತನ್ನು ಬೆಸೆದವರೂ ಇದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ೧೯೩೩ರಿಂದ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಮರುವರ್ಷ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಹೆಸರುವಾಸಿಯಾಗಿತ್ತು. ‘ಶಾಂತಲಾ’ ಕಾದಂಬರಿಯನ್ನು ಓದಿ ಕಣ್ಣೊರೆಸಿಕೊಂಡ ಎಷ್ಟೋ ಮಂದಿಗೆ ಅದನ್ನು ಬರೆದವರು ಕಬ್ಬಿಣದ ಭಾರ ಎತ್ತಿಸುತ್ತಿದ್ದ ಉಸ್ತಾದರೆಂಬುದು ತಿಳಿಯದು. ಅಯ್ಯರ್ ೧೯೩೭ರಲ್ಲಿ ಸೂರ್ಯನಮಸ್ಕಾರವನ್ನು ಕುರಿತೂ ಪುಸ್ತಕ ತಂದರು; ಭಾರ ಎತ್ತುವುದೂ ನಮಸ್ಕಾರವೂ ಒಂದೇ ಶಾಲೆಯಲ್ಲಿ ನಡೆಯುತ್ತಿದ್ದುವು.

ಕಡಲಾಚೆ ಎರಡನೆಯ ಮಹಾಯುದ್ಧದ ಕೊನೆಗೆ ಒಂದು ವಿಶೇಷ ನಡೆಯಿತು. ಅಮೆರಿಕದ ಶಿಕಾಗೋ ನಗರದ ಸೈನಿಕ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬ ವೈದ್ಯನಿದ್ದನು. ಮಂಡಿಗೆ ಪೆಟ್ಟು ಬಿದ್ದ ಸೈನಿಕರು ವಾರ್ಡುಗಳಲ್ಲಿ ತುಂಬಿದ್ದರು. ಹಗುರವಾದ ಚಲನೆಯನ್ನು ಬಹಳ ಸಲ ಮಾಡಿಸುವುದು ಆಗಿನ ವಾಡಿಕೆ. ತೊಡೆಯ ಸ್ನಾಯು ಬತ್ತಿದ್ದು ಬತ್ತಿದಂತೆಯೇ ಉಳಿಯುತ್ತಿತ್ತು. ಡಿಲಾರ್ಮ್ ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಭಾರ ಎತ್ತಿ ಮೈ ಬಲಿಸಿಕೊಂಡವನು. ಅವನು ಸೈನಿಕರ ಪಾದಕ್ಕೆ ಕಬ್ಬಿಣದ ಮೆಟ್ಟು ಕಟ್ಟಿ, ಭಾರವನ್ನು ವಾರವಾರಕ್ಕೆ ಏರಿಸುತ್ತ ಕಾಲು ನೀಡಿಸಿದನು. ೧೯೪೫ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಮುಂದೆ ಅದು ಒಂದು ಕ್ರಮವಾಯಿತು: ಹತ್ತು ಸಲ ಎತ್ತಬಲ್ಲ ಭಾರವೆಷ್ಟೆಂದು ಕಂಡುಕೊಂಡು, ಮೊದಲ ಹತ್ತು ಅದರ ಅರ್ಧ, ಮುಂದಿನ ಹತ್ತು ಮುಕ್ಕಾಲು, ಕಡೆಯ ಹತ್ತು ಪೂರ್ತಿ. ಮೊದಲ ಕಂತು ಅರ್ಧವೆಂಬುದನ್ನು ಓದಿದಾಗ ಸುಶ್ರುತನ ಅರ್ಧಶಕ್ತಿ ನೆನಪಾಯಿತು. ಇದು ಕಾಕತಾಳೀಯ, ಡಿಲಾರ್ಮ್ ಸುಶ್ರುತನನ್ನು ಓದಿದವನಲ್ಲ. ನಮ್ಮ ಗರಡಿಯಲ್ಲಿ ಸಣ್ಣ ಗುಂಡಿನಿಂದ ದೊಡ್ಡ ಗುಂಡಿಗೆ ಹೋಗುತ್ತಿದ್ದವನಿಗೆ ಮಾತ್ರ ಈ ಕ್ರಮ ಹೊಸದಾಗಿ ಕಾಣುತ್ತಿರಲಿಲ್ಲ.

ಎದುರುಮಾತೂ ಬಂದಿತು. ೧೯೬೧ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ಕಾರ್ಲ್ ಕ್ಲೈನ್ ಎಂಬವನು, ತೀರ ಕೆಳಗೆ ಕೂರುವ ಬಸ್ಕಿಯಿಂದ ಮಂಡಿಯ ಕಟ್ಟುನಾರುಗಳು ಸಡಿಲವಾಗುತ್ತವೆಂದು ಸಾರಿದನು. ಪಶ್ಚಿಮದ ಶಾಲೆಗಳಲ್ಲಿ ಪೂರ್ತಿ ಬಸ್ಕಿ ಹಿಂದೆ ಸರಿಯಿತು. ತರುವಾಯದ ಪರೀಕ್ಷೆಗಳಲ್ಲಿ ಅವನ ಮಾತು ನಿಲ್ಲಲಿಲ್ಲ. ಆದರೂ ಬಸ್ಕಿಯೆಂದರೆ ಮಂಡಿಗೆ ಕೇಡು ಎಂಬ ಭಯ ಇಂದಿಗೂ ತಿರುಗಾಡುತ್ತಿದೆ. ಭಯಕ್ಕೆ ಸ್ವಲ್ಪ ಆಧಾರವಿಲ್ಲದೆಯೂ ಇಲ್ಲ. ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಎಷ್ಟು ಒತ್ತಿಕೊಳ್ಳುತ್ತದೆಂದು ರೈಲಿ, ಮಾರ್ಟೆನ್ಸ್ ಎಂಬಿಬ್ಬರು ೧೯೭೨ರಲ್ಲಿ ಲೆಕ್ಕಹಾಕಿದರು. ಸಮನೆಲದ ನಡಿಗೆಯಲ್ಲಿ ಅದು ಮೈತೂಕದ ಅರ್ಧದಷ್ಟು, ಮೆಟ್ಟಿಲಿನಲ್ಲಿ ೩.೩ ಪಟ್ಟು, ಪೂರ್ತಿ ಕುಕ್ಕರಿಸಿದಾಗ ೭.೬ ಪಟ್ಟು. ಅರವತ್ತು ಕಿಲೋ ತೂಗುವವನು ಮೆಟ್ಟಿಲೇರುವಾಗ ಮಂಡಿಚಿಪ್ಪಿನ ಹಿಂದೆ ಸುಮಾರು ಎರಡು ಕ್ವಿಂಟಲಿನ ಒತ್ತಡ ಬಿತ್ತೆಂದಾಯಿತು. ಸಿದ್ಧಗಂಗೆಯ ಮೆಟ್ಟಿಲಿನಿಂದಲೇ ವ್ಯಾಯಾಮ ಪ್ರಾರಂಭಿಸಿದವರ ಮಂಡಿ ಎರಡು ತಿಂಗಳಲ್ಲಿ ಏಕೆ ಮುನಿಯಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹೊತ್ತಿನ ಪ್ರಶ್ನೆಯೂ ಉಂಟು. ಬೀಜಿಂಗ್ ನಗರದ ಅರವತ್ತು ದಾಟಿದವರನ್ನು, ಇಪ್ಪತ್ತೈದನೆಯ ವಯಸ್ಸಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಿರೆಂದು ಕೇಳಿ ನಡೆಸಿದ ಪರಿಶೀಲನೆಯೊಂದು ೨೦೦೪ರಲ್ಲಿ ಹೊರಬಂದಿತು. ದಿನಕ್ಕೆ ಗಂಟೆಗಟ್ಟಲೆ ಹಾಗೆ ಕುಳಿತಿದ್ದವರಲ್ಲಿ ಮಂಡಿಸವೆತ ಹೆಚ್ಚಾಗಿ ಕಂಡಿತು. ಗುಬ್ಬಿಯ ಸುತ್ತಿನ ಅಡಿಕೆ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ದಿನವಿಡೀ ಕಾಲು ಮಡಿಸಿ ಕುಳಿತು ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಮಂಡಿಯನ್ನು ನೆನೆಯಿರಿ. ಅದಕ್ಕೂ ಗರಡಿಯ ಕಾಲುಗಂಟೆಯ ಬಸ್ಕಿಗೂ ಅಜಗಜಾಂತರ. ಒಂದರಲ್ಲಿ ಮಂಡಿ ಮಡಿಸಿದ್ದು ಮಡಿಸಿದಂತೆಯೇ ಗಂಟೆಗಟ್ಟಲೆ ನವೆಯುತ್ತದೆ; ಇನ್ನೊಂದರಲ್ಲಿ ಮಡಿಸಿ ಬಿಚ್ಚಿ, ತೊಡೆಯ ಸ್ನಾಯು ಬಲಿತು, ಅದೇ ಸ್ನಾಯು ಮಂಡಿಯ ಭಾರವನ್ನು ಹಂಚಿಕೊಳ್ಳುತ್ತದೆ. ಅಂಥ ತಾಯಂದಿರಿಗೆ “ವಾಕಿಂಗ್ ಮಾಡಿ” ಎಂದು ಹೇಳಿ ಕಳಿಸುವುದಕ್ಕಿಂತ ಒಂದು ಮಣೆಯನ್ನೋ ಸ್ಟೂಲನ್ನೋ ಕೊಡಿಸುವುದು ಮೇಲು.

ಕತ್ತರಿಯ ಚಿಕಿತ್ಸೆಯ ಮಾತು ಒಂದಿಷ್ಟು. ಸವೆದ ಮಂಡಿಗೆ ಸಣ್ಣ ತೂತು ಕೊರೆದು ಒಳಗನ್ನು ತೊಳೆದು ಕೆರೆಯುವ ಪದ್ಧತಿ ಒಂದು ಕಾಲಕ್ಕೆ ಬಹಳ ಪ್ರಚಾರದಲ್ಲಿತ್ತು. ೨೦೦೨ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ೧೮೦ ಮಂದಿಯ ಮೇಲೆ ಪರೀಕ್ಷೆ ನಡೆಸಿ, ಕೆಲವರಿಗೆ ನಿಜವಾದ ಶಸ್ತ್ರಕ್ರಿಯೆಯನ್ನೂ ಕೆಲವರಿಗೆ ಚರ್ಮ ಕೊಯ್ದು ಹೊಲಿದ ಬರಿಯ ಸೋಗನ್ನೂ ಮಾಡಿದರು. ಎರಡು ವರ್ಷ ನೋಡಿದರೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆ, ಮಂಡಿಸವೆತಕ್ಕೆ ವ್ಯಾಯಾಮ ಮಾಡಿಸಿದ ೫೪ ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆಯವರು ೨೦೧೫ರಲ್ಲಿ ಒಟ್ಟುಗೂಡಿಸಿ ನೋಡಿದಾಗ ನೋವು ತಗ್ಗಿದ್ದೂ ಓಡಾಟ ಸುಧಾರಿಸಿದ್ದೂ ತಿಳಿಯಿತು. ತೀರ ಸವೆದ ಮಂಡಿಗೆ ಕೃತಕ ಕೀಲು ಜೋಡಿಸುವ ದೊಡ್ಡ ಶಸ್ತ್ರಕ್ರಿಯೆ ಬೇರೆಯೇ ಮಾತು. ಅದರಿಂದ ಮತ್ತೆ ನಡೆಯುವಂತಾದವರು ಅನೇಕರು.

ಹೀಗಿರುವಲ್ಲಿ ಮೈದಾನದ ಗೆಳೆಯರು ನಡಿಗೆಯನ್ನು ಪೂರ್ತಿ ಬಿಟ್ಟದ್ದು ನನಗೆ ಸರಿಯೆನಿಸುವುದಿಲ್ಲ. ಬಿಡಬೇಕಾದದ್ದು ಮೆಟ್ಟಿಲನ್ನು, ಅದೂ ಕೆಲವು ವಾರಕ್ಕೆ. ಮಂಡಿ ಬಾತು ಬಿಸಿಯಾಗಿದ್ದರೆ, ಮಡಿಸಿದ ಕಾಲು ಸಿಕ್ಕಿಕೊಂಡು ಬಿಚ್ಚಲಾರದಿದ್ದರೆ, ನಡೆಯುತ್ತಿರುವಾಗ ತಟ್ಟನೆ ಕುಸಿದರೆ, ಬಿದ್ದು ಪೆಟ್ಟಾಗಿ ಕಾಲೂರಲಾಗದಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ ಎಣ್ಣೆಯ ಸೀಸೆಯನ್ನು ಅತ್ತ ಇಟ್ಟು ಡಾಕ್ಟರಲ್ಲಿಗೆ ಹೋಗಬೇಕು. ಅದಾವುದೂ ಇಲ್ಲದ ಸಾಧಾರಣ ನೋವಿಗೆ ವ್ಯಾಯಾಮಚಿಕಿತ್ಸೆಯವರು ಹೇಳುವ ಒಂದು ಅಳತೆ ಉಪಯುಕ್ತವಾಗಿದೆ: ಮಾಡುವಾಗ ಅಲ್ಪಸ್ವಲ್ಪ ನೋವಿದ್ದರೂ ಮರುದಿನ ಬೆಳಗಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬಹುದು, ಇಳಿಯದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು, ಇಂದು ಕಡಿಮೆ ಮಾಡಬೇಕು. ಉಸ್ತಾದರ ಕಣ್ಣಳತೆಯ ಜಾಗಕ್ಕೆ ಬಂದಿರುವುದು ಇದೇ.

ಈ ಚಿಕಿತ್ಸೆಗೆ ಹೋದವರಿಗೆ ಮೊದಲ ವಾರ ಮಾಡಿಸುವ ಕೆಲಸಗಳಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದೂ ಒಂದು. ಅದು ಅರ್ಧ ಬಸ್ಕಿ. ನಿಂತಲ್ಲೇ ಮಾಡಲಾಗದವರು ಕುಳಿತು ಒಂದೊಂದೇ ಕಾಲನ್ನು ಮುಂದಕ್ಕೆ ನೀಡಿ ಐದೆಣಿಸುವವರೆಗೆ ಬಿಗಿಹಿಡಿಯುವುದುಂಟು; ಬೆಳಗಿನ ವಾರ್ತೆ ಕೇಳುತ್ತ ರೇಡಿಯೋ ಮುಂದೆ ಕುಳಿತೇ ಇದನ್ನು ಮಾಡಬಹುದು. ಮೆಟ್ಟಿಲಿಗೆ ಹಿಂದಿರುಗುವ ದಿನ ಬಂದಾಗ ಹತ್ತುವುದಕ್ಕಿಂತ ಇಳಿಯುವುದರಲ್ಲಿ ಎಚ್ಚರ ಬೇಕು. ಇಳಿಯುವಾಗ ಮೈಯ ಭಾರವನ್ನೆಲ್ಲ ಮಡಿಸಿದ ಒಂದೇ ಮಂಡಿ ತಡೆದು ಮೆಲ್ಲನೆ ಕೆಳಗಿಳಿಸಬೇಕಾಗುತ್ತದೆ. ನೋವಿನವರು ಕಂಬಿ ಹಿಡಿದು, ನೊಂದ ಕಾಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಇಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು ಒಂದೊಂದಾಗಿ ಇಳಿಯುವುದು ಒಳಿತು.